ದೋಣಿಗುಡ್ಡದ ಕೆರೆಗೆ ಹೋಗಿಬಂದದ್ದು

ನವೆಂಬರ್ 24, ಸೋಮವಾರ

ಸಿಟ್ಟು ಬಂದಾಗ ಕೂಗಾಡಬೇಡಿ, ಅನಿಸಿದ್ದನ್ನು ಬರೆದಿಡಿ, ಬಿಪಿಗೆ ಒಳ್ಳೆಯದು ಎಂದು ಡಾಕ್ಟರು ಹೇಳಿ ಬಹಳ ದಿನವಾಯಿತು. ಬರೆಯುವಂಥದ್ದು ಏನೂ ಆಗಿರಲಿಲ್ಲ. ಇವತ್ತು ಆಯಿತು.

ಬೆಳಿಗ್ಗೆ ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಮಗಳು ಶರಣ್ಯ ಹಿಂದಿನಿಂದ ಬಂದು, ತಾನು ಮದುವೆಯಾಗುವುದಾದರೆ ನಿತೀಶನನ್ನು ಎಂದಳು. ಗಾಂಧಿಬಜಾರಿನ ಹತ್ತಿರದ ಅವಳ ಫಿಸಿಯೋಥೆರಪಿ ಕ್ಲಿನಿಕ್ಕಿಗೆ, ಸೊಂಟ ಮುರಿದ ಅಜ್ಜಿಯನ್ನು ಕರೆತರುತ್ತಿದ್ದ ಹುಡುಗನಂತೆ. ಅಜ್ಜಿ ಮತ್ತೆ ನಡೆಯುವುದನ್ನು ಕಲಿತರು, ಇವರಿಬ್ಬರು ಇದನ್ನು ಕಲಿತರು. ಸರ್ಕಾರಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾನೆ. ಅಪ್ಪ ರವಿಕುಮಾರ್ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದಾರೆ. ಮನೆ ಓಕಳಿಪುರಂ. ಯಾವ ಜನ ಎಂದು ಕೇಳಿದೆ. ದಲಿತರು, ಅಜ್ಜನ ಕಾಲದಿಂದ ಬೌದ್ಧರು ಎಂದು, ಟೈಮೆಷ್ಟು ಎಂದು ಕೇಳಿದರೆ ಹೇಳುವ ಹಾಗೆ ಹೇಳಿದಳು.

ನಾನು ಕೂಗಾಡಲಿಲ್ಲ. ಕೂಗಾಡಿದಿರಿ ಎಂದು ಹೆಂಡತಿ ಬಸವಮ್ಮ ಹೇಳುತ್ತಾಳೆ. ಎದುರುಮನೆಯವರು ಬಾಗಿಲು ತೆರೆದು ನೋಡಿದ್ದು ಬೇರೆ ಯಾವುದೋ ಕಾರಣಕ್ಕೆ ಇರಬೇಕು.

ನವೆಂಬರ್ 27, ಗುರುವಾರ

ಅವತ್ತಿನಿಂದ ಮನೆಯಲ್ಲಿ ಕಾಫಿ ಕುಡಿಯುತ್ತಿಲ್ಲ. ಇದು ನನ್ನ ಪ್ರತಿಭಟನೆ. ನಗರ್ತಪೇಟೆಯಲ್ಲಿ ನಮ್ಮ ಪಾತ್ರೆ ಅಂಗಡಿಯ ಪಕ್ಕದ ಹೋಟೆಲಿನಲ್ಲಿ ಕುಡಿಯುತ್ತೇನೆ. ಮನೆಯಲ್ಲಿ ಯಾರೂ ಗಮನಿಸಿದ ಹಾಗೆ ಕಾಣದ್ದರಿಂದ ಇವತ್ತು ನಾನೇ ಹೆಂಡತಿಗೆ ತಿಳಿಸಬೇಕಾಯಿತು. ಓ, ಅದಕ್ಕೇ ಹಾಲು ಉಳಿಯುತ್ತಿದೆ ಎಂದಳು ಬಸವಮ್ಮ. ಸಂಜೆ ಉಳಿದ ಹಾಲಿನಲ್ಲಿ ಪಾಯಸ ಮಾಡಿದಳು. ಪಾಯಸ ಪ್ರತಿಭಟನೆಗೆ ಸೇರಿಲ್ಲ.

ನಾನು ಜಾತಿ ನೋಡುವವನಲ್ಲ. ಬಸವ ಜಯಂತಿಯ ದಿನ ಪೇಟೆಯ ಸಂಘದಲ್ಲಿ ಪಟಕ್ಕೆ ಹಾರ ಹಾಕಿ, ಮನುಷ್ಯರಲ್ಲಿ ಮೇಲು ಕೀಳಿಲ್ಲ ಎಂದು ಪ್ರತಿ ವರ್ಷ ಭಾಷಣ ಮಾಡುವವನು ನಾನೇ. ಆದರೆ ನಾನು ನೋಡದಿದ್ದರೂ ಜನ ನೋಡುತ್ತಾರೆ. ಇದನ್ನೇ ಬಸವಮ್ಮನಿಗೆ ಹೇಳಿದೆ.

"ಜನ ಅಂದ್ರೆ ಯಾರು ರೀ?" ಎಂದಳು.

ಯೋಚಿಸಿದೆ. ಗಿರಾಕಿಗಳಿಗೆ ಕುಕ್ಕರ್ ಸರಿಯಾಗಿ ಕೂಗಿದರೆ ಸಾಕು. ಬೀದಿಯವರಿಗೆ ಅವರವರ ಮಕ್ಕಳದೇ ತಲೆಬಿಸಿ. ಕೊನೆಗೆ ಉಳಿದವಳು ಹನುಮಂತನಗರದ ದಾಕ್ಷಾಯಣಮ್ಮ, ನನ್ನ ಅಕ್ಕ. ಅಪ್ಪ ತೀರಿಕೊಂಡಾಗ ನನ್ನನ್ನು ಅಂಗಡಿಯ ಗದ್ದುಗೆಯಲ್ಲಿ ಕೂರಿಸಿದವಳು ಅವಳು, ನನಗೆ ಹೆಣ್ಣು ಹುಡುಕಿದವಳೂ ಅವಳು. ಇವತ್ತಿಗೂ ಅವಳು ಒಳಗೆ ಬಂದರೆ ನಾನು ಕಾಲು ಮಡಚಿಕೊಂಡು ನೆಟ್ಟಗೆ ಕೂರುತ್ತೇನೆ. ಅಕ್ಕ ಒಬ್ಬಳೇ ನಿಜ. ಆದರೆ ಬಹಳ ಜನ.

ಡಿಸೆಂಬರ್ 3, ಬುಧವಾರ

ಶರಣ್ಯ ಒಂದು ಉಪಾಯ ತಂದಿದ್ದಾಳೆ. ಚಿಕ್ಕಮಗಳೂರು ದಾಟಿ ಬೆಟ್ಟದ ಮೇಲೆ ದೋಣಿಗುಡ್ಡದ ಕೆರೆ ಎಂಬ ಜಾಗವಿದೆಯಂತೆ. ಕೆರೆಯ ಸುತ್ತ ಉದ್ಯಾನ, ದಂಡೆಯ ಮೇಲೆ ಡೇರೆ ಹಾಕಿಕೊಂಡು ಇರಬಹುದು. ಎರಡು ರಾತ್ರಿ. ಹೋಗುವವರು ಅವಳು, ನಾನು, ನಿತೀಶ್, ಅವನ ಅಪ್ಪ.

ಮನೆಯಿರುವವರು ಡೇರೆಯಲ್ಲಿ ಯಾಕೆ ಮಲಗಬೇಕು, ಮಾತಾಡುವುದಿದ್ದರೆ ಅವರು ಇಲ್ಲಿಗೇ ಬರಲಿ ಎಂದೆ.

"ಇಲ್ಲಿಗೆ ಬಂದ್ರೆ ನೀವು ಯಜಮಾನ್ರು, ಅವರು ಬಂದವರು. ಅಲ್ಲಿಗೆ ಹೋದ್ರೆ ನೀವು ಬಂದವರು. ಯಾರ ಮನೆನೂ ಅಲ್ಲದ ಕಡೆ ಒಂದ್ಸಲ ಕೂತು ಮಾತಾಡಿ ಅಪ್ಪ. ಆಮೇಲೆ ನೀವು ಏನು ಹೇಳಿದ್ರೂ ಕೇಳ್ತೀನಿ."

ಕೊನೆಯ ಮಾತು ಹಿಡಿಸಿತು. ಒಪ್ಪಿದೆ. ರವಿಕುಮಾರ್ ಅವರಿಗೆ ಎದುರಿಗೇ, ಗೌರವದಿಂದ, ಇದು ಆಗುವ ಸಂಬಂಧವಲ್ಲ ಎಂದು ಹೇಳಿ ಬರುತ್ತೇನೆ. ಪಾಪ, ಬಹಳ ಆಸೆ ಇಟ್ಟುಕೊಂಡಿರುತ್ತಾರೆ. ನೋವಾಗದ ಹಾಗೆ ಹೇಳಬೇಕು.

ಡಿಸೆಂಬರ್ 11, ಗುರುವಾರ

ಚಿಕ್ಕಪೇಟೆಗೆ ಹೋಗಿ ಮಂಕಿ ಕ್ಯಾಪು, ಉಣ್ಣೆಯ ಕಾಲುಚೀಲ ತಂದೆ. ಬಸವಮ್ಮ ಕೋಡುಬಳೆ ಕರಿದು ಡಬ್ಬಿಗೆ ತುಂಬಿದ್ದಾಳೆ. ನಾಲ್ಕು ಜನಕ್ಕೆ ಇಷ್ಟೊಂದು ಯಾಕೆ ಎಂದರೆ, ಮಾತು ಮುರಿದುಬಿದ್ದಾಗ ಬಾಯಿಗೆ ಏನಾದರೂ ಬೇಕಲ್ಲ ಎಂದಳು.

ಗೋದಾಮಿನಲ್ಲಿ ಹಂಡೆಗಳ ಮುಂದೆ ನಿಂತು ನನ್ನ ಮಾತನ್ನು ಅಭ್ಯಾಸ ಮಾಡಿದೆ. "ರವಿಕುಮಾರ್ ಅವರೇ, ನಿಮ್ಮ ಬಗ್ಗೆ ನನಗೆ ತುಂಬಾ ಗೌರವವಿದೆ" ಎಂದು ಶುರು. ತಾಮ್ರದ ಹಂಡೆಯಲ್ಲಿ ದನಿ ಚೆನ್ನಾಗಿ ಮೊಳಗಿತು. ಗುಮಾಸ್ತರು ಬಂದು ಕರೆದಿರಾ ಎಂದು ಕೇಳಿದರು.

ಡಿಸೆಂಬರ್ 13, ಶನಿವಾರ. ಡೇರೆಯೊಳಗಿಂದ

ಡೇರೆಗಳು ಮೂರು. ಶರಣ್ಯಳಿಗೆ ಒಂದು, ನಿತೀಶನಿಗೆ ಒಂದು. ಮೂರನೆಯದರಲ್ಲಿ ನಾನೂ ರವಿಕುಮಾರ್ ಅವರೂ. ಇದನ್ನು ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಅವರ ಮುಖ ನೋಡಿದರೆ ಅವರಿಗೂ ಹೇಳಿದ ಹಾಗಿರಲಿಲ್ಲ.

ನಮ್ಮ ಡೇರೆಯನ್ನು ನಾವೇ ಹಾಕುತ್ತೇವೆ ಎಂದು ಇಬ್ಬರೂ ಒಟ್ಟಿಗೆ ಹೇಳಿಬಿಟ್ಟೆವು. ಗೂಟ ಹೊಡೆಯುವ ವಿಷಯ ನನಗೆ ಗೊತ್ತು ಎಂದು ನಾನು, ತಂತಿ ಹಗ್ಗದ ವಿಷಯ ತಮಗೆ ಗೊತ್ತು ಎಂದು ಅವರು. ಕತ್ತಲಾಗುವ ಹೊತ್ತಿಗೆ ಡೇರೆ ನಿಂತಿತು. ಕೆರೆಗೆ ನಮಸ್ಕಾರ ಮಾಡುವವರ ಹಾಗೆ ಮುಂದಕ್ಕೆ ಬಾಗಿ ನಿಂತಿದೆ. ಮಕ್ಕಳಿಬ್ಬರೂ ಎದುರಿಗೆ ನಿಂತು ನೋಡಿದರು. ನಿತೀಶ್ ಒಂದು ಸಲ ಕೆಮ್ಮಿದ.

ರವಿಕುಮಾರ್ ತೆಳ್ಳಗಿನ ಮನುಷ್ಯ, ನನ್ನಷ್ಟೇ ವಯಸ್ಸು. ಮಾತು ಕಡಿಮೆ. ಕೋಡುಬಳೆ ಚೆನ್ನಾಗಿದೆ ಎಂದರು. ಚಳಿ ಬಹಳ.

ಡಿಸೆಂಬರ್ 14, ಭಾನುವಾರ

ಬೆಳಿಗ್ಗೆ ಎದ್ದಾಗ ಕೆರೆ ಕಾಣಿಸುತ್ತಿರಲಿಲ್ಲ. ಮಂಜು ನೀರಿನ ಮೇಲೆ ಹತ್ತಿ ಹಾಸಿದಂತೆ ಕೂತಿತ್ತು. ತಣ್ಣೀರಿನಲ್ಲೇ ಮುಖ ತೊಳೆದು, ಕಲ್ಲಿನ ಮೇಲೆ ಕೂತು ಲಿಂಗಪೂಜೆ ಮಾಡಿಕೊಂಡೆ. ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಬಿಟ್ಟರೆ, ಮಂಜು ಸರಿದು ಎದುರಿನ ಗುಡ್ಡ ತಲೆಕೆಳಗಾಗಿ ನೀರಿನಲ್ಲಿ ನಿಂತಿತ್ತು. ಒಂದು ಹಕ್ಕಿ ಮುಳುಗಿ ಎಲ್ಲೋ ದೂರದಲ್ಲಿ ಎದ್ದಿತು. ಚೆನ್ನಾಗಿತ್ತು. ಇದನ್ನು ಶರಣ್ಯಳಿಗೆ ಹೇಳಬೇಕಾದ ಅಗತ್ಯವಿಲ್ಲ.

ತಿರುಗಿ ನೋಡಿದರೆ ರವಿಕುಮಾರ್ ಸ್ವಲ್ಪ ದೂರದಲ್ಲಿ ನಿಂತು, ದಾರಿಯಲ್ಲಿ ಗಲಾಟೆ ಮಾಡಿಕೊಂಡು ಬರುತ್ತಿದ್ದ ಪಕ್ಕದ ಡೇರೆಯವರಿಗೆ ಆ ಕಡೆಯಿಂದ ಹೋಗಿ ಎಂದು ಕೈಸನ್ನೆ ಮಾಡುತ್ತಿದ್ದರು. ನನ್ನ ಪೂಜೆ ಮುಗಿದ ಮೇಲೆಯೇ ಹತ್ತಿರ ಬಂದರು. ರಾತ್ರಿ ನಿದ್ದೆ ಬಂತೇ ಎಂದು ಕೇಳಿದೆ. ನನ್ನ ಗೊರಕೆಯ ವಿಷಯ ಬಸವಮ್ಮ ದಿನವೂ ಹೇಳುತ್ತಾಳೆ, ಹಾಗಾಗಿ ಸಂಕೋಚವಿತ್ತು. ತಮ್ಮ ಮನೆ ರೈಲು ಹಳಿಯ ಪಕ್ಕದಲ್ಲೇ ಇರುವುದು, ಗಾಡಿ ಸದ್ದಿಲ್ಲದಿದ್ದರೆ ನಿದ್ದೆ ಬರುವುದಿಲ್ಲ, ಇಲ್ಲಿ ಹೇಗೋ ಎಂದು ಹೆದರಿಕೆಯಿತ್ತು, ಆದರೆ ರಾತ್ರಿಯೆಲ್ಲ ಮನೆಯಲ್ಲೇ ಮಲಗಿದ ಹಾಗಿತ್ತು ಎಂದರು. ಹೊಗಳಿದರೋ ಏನೋ ತಿಳಿಯಲಿಲ್ಲ.

ತಿಂಡಿಯಾದ ಮೇಲೆ ಮಕ್ಕಳು ನಮ್ಮಿಬ್ಬರಿಗೂ ಕಿತ್ತಳೆ ಬಣ್ಣದ ಜಾಕೆಟ್ಟು ತೊಡಿಸಿ, ಹಂಸದ ಆಕಾರದ ಒಂದು ತುಳಿಯುವ ದೋಣಿಯಲ್ಲಿ ಕೂರಿಸಿ ನೂಕಿಬಿಟ್ಟರು. ಇಬ್ಬರೂ ಒಟ್ಟಿಗೆ ಸೈಕಲ್ಲಿನಂತೆ ತುಳಿದರೆ ಮಾತ್ರ ಅದು ನೆಟ್ಟಗೆ ಹೋಗುತ್ತದೆ. ನಟ್ಟನಡುವೆ ಬಂದಾಗ, ಇದೇ ಸಮಯ ಎಂದು ನಾನು ಶುರುಮಾಡಿದೆ. ರವಿಕುಮಾರ್ ಅವರೇ, ನಿಮ್ಮ ಬಗ್ಗೆ ನನಗೆ ತುಂಬಾ ಗೌರವವಿದೆ.

ಅವರು ತುಳಿಯುವುದನ್ನು ನಿಲ್ಲಿಸಿದರು. "ಒಂದ್ನಿಮಿಷ ಸಾರ್. ಮೊದಲು ನಾನು ಹೇಳ್ಬಿಡ್ತೀನಿ. ನಮಗೆ ಈ ಸಂಬಂಧ ಬೇಡ."

ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಎಂದುಕೊಂಡೆ. ಮಂಕಿ ಕ್ಯಾಪು ಕಿವಿಯಿಂದ ಮೇಲೆತ್ತಿದೆ.

ಅವರು ನಿಧಾನವಾಗಿ ಹೇಳಿದರು. ಅವರಿಗೊಬ್ಬ ತಂಗಿ. ತಾನೇ ಇಷ್ಟಪಟ್ಟು ಬೇರೆ ಜಾತಿಯ ಹುಡುಗನನ್ನು ಮದುವೆಯಾದಳು. ಗಂಡಿನ ಮನೆಯವರು ಒಪ್ಪಿ ಛತ್ರದಲ್ಲಿ ಅದ್ದೂರಿಯಾಗಿ ಮಾಡಿದರು. ಮೊದಲ ಮಗುವಿನ ನಾಮಕರಣಕ್ಕೆ ಇವರ ತಾಯಿ ನಾರಾಯಣಮ್ಮ ಬೆಳ್ಳಿಯ ಕಾಲ್ಗೆಜ್ಜೆ ತೆಗೆದುಕೊಂಡು ಹೋದರು. ಬನ್ನಿ ಬನ್ನಿ ಎಂದು ಕರೆದು ಜಗಲಿಯಲ್ಲಿ ಕುರ್ಚಿ ಹಾಕಿದರಂತೆ. ಗಾಳಿ ಚೆನ್ನಾಗಿ ಬರುತ್ತೆ, ಇಲ್ಲೇ ಕೂತ್ಕೊಳ್ಳಿ ಎಂದರಂತೆ. ಒಳಗೆ ಎಲೆ ಹಾಕಿ ಪಂಕ್ತಿ ಕೂತಿತು. ನಾರಾಯಣಮ್ಮನವರಿಗೆ ತಟ್ಟೆ ಜಗಲಿಗೇ ಬಂತು. ಮಗಳಿಗೆ ತೊಂದರೆಯಾಗದಿರಲಿ ಎಂದು ಅದನ್ನು ಉಂಡು, ಬಸ್ಸು ಹತ್ತಿ ಬಂದವರು ಮತ್ತೆ ಆ ಮನೆಗೆ ಹೋಗಲಿಲ್ಲ.

"ಯಾರೂ ಒಂದು ಕೆಟ್ಟ ಮಾತು ಆಡ್ಲಿಲ್ಲ ಸಾರ್. ಅದೇ ಕಷ್ಟ. ಜಗಳ ಆಡೋಕೂ ಏನೂ ಸಿಗ್ಲಿಲ್ಲ. ನಿಮ್ಮ ಮಗಳು ನಮ್ಮಮ್ಮನ್ನ ಮತ್ತೆ ನಡೆಸಿದೋಳು. ನಾವು ಬೇಡ ಅಂತಿರೋದು ಅವಳನ್ನಲ್ಲ, ನಿಮ್ಮ ಮನೆನ. ತಪ್ಪು ತಿಳ್ಕೋಬೇಡಿ."

ತಪ್ಪು ತಿಳಿಯದೆ ಇನ್ನೇನು ತಿಳಿಯಲಿ? ನಮ್ಮ ಮನೆಯನ್ನು ಇದುವರೆಗೆ ಯಾರೂ ಬೇಡ ಎಂದಿಲ್ಲ. ಸಿಟ್ಟಿನಲ್ಲಿ ನಾನೊಬ್ಬನೇ ಜೋರಾಗಿ ತುಳಿದೆ. ಹಂಸ ಗರಗರ ತಿರುಗಿ ಜೊಂಡುಹುಲ್ಲಿನೊಳಗೆ ಕತ್ತು ತೂರಿಸಿ ನಿಂತುಬಿಟ್ಟಿತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಎದ್ದು ಹೋಗೋಣವೆಂದರೆ ಸುತ್ತ ನೀರು. ಕೂತಲ್ಲೇ ಅವರಿಗೆ ವಿವರಿಸಿದೆ. ಶರಣ್ಯಳ ಓದು, ಅವಳ ಕೈಗುಣ, ಅಡುಗೆ ಸುಮಾರಾದರೂ ಮನಸ್ಸು ದೊಡ್ಡದು. ನಮ್ಮ ಮನೆಯಿಂದ ಯಾರೂ ಉಣ್ಣದೆ ಹೋದದ್ದಿಲ್ಲ. ನಿತೀಶನಂಥ ಹುಡುಗನಿಗೆ ಇಂಥ ಹೆಣ್ಣು ಇನ್ನೆಲ್ಲಿ ಸಿಗುತ್ತಾಳೆ? ಗಿರಾಕಿ ಎದ್ದು ಹೊರಟಾಗ ಕೈಹಿಡಿದು ಕೂರಿಸುವ ಹಾಗೆ, ಇನ್ನೊಂದು ಸಲ ಯೋಚಿಸಿ ಎಂದೆ. ಅವರು ಎಲ್ಲವನ್ನೂ ಕೇಳಿ, ಈಗ ಇಬ್ಬರೂ ಸೇರಿ ಹಿಂದಕ್ಕೆ ತುಳಿಯೋಣ ಸಾರ್ ಎಂದರು. ತುಳಿದೆವು. ಹಂಸ ಬಿಡಿಸಿಕೊಂಡಿತು.

ದಡಕ್ಕೆ ಬಂದ ಮೇಲೆ ನೆನಪಾಯಿತು. ನಾನು ಬೇಡವೆಂದು ಹೇಳಲು ಬಂದದ್ದನ್ನು ಹೇಳಲೇ ಇಲ್ಲ.

ಸಂಜೆ ಬೆಂಕಿಯ ಪಕ್ಕ ಕೂತಿದ್ದಾಗ ಒಂದು ಯೋಚನೆ ಬಂತು. ಹೋದ ತಿಂಗಳು ಆ ನಾರಾಯಣಮ್ಮನವರು ನಮ್ಮ ಮನೆಗೆ ಬಂದಿದ್ದರೆ ನಾನು ಎಲ್ಲಿ ಕೂರಿಸುತ್ತಿದ್ದೆ? ನಮ್ಮ ಜಗಲಿಯಲ್ಲೂ ಗಾಳಿ ಚೆನ್ನಾಗಿ ಬರುತ್ತದೆ.

ಸೊಳ್ಳೆ ಕಚ್ಚುತ್ತಿದೆ. ಬರೆಯುವುದನ್ನು ನಿಲ್ಲಿಸುತ್ತೇನೆ.

ಡಿಸೆಂಬರ್ 15, ಸೋಮವಾರ

ವಾಪಸು ಬಂದೆವು. ಬಿಚ್ಚಿದ ಡೇರೆ ಅದರ ಚೀಲದೊಳಗೆ ಹೋಗಲಿಲ್ಲ. ನಾನೂ ರವಿಕುಮಾರ್ ಅವರೂ ಅದರ ಮೇಲೆ ಕೂತು ಗಾಳಿ ಹೊರಡಿಸಿದೆವು. ಓಕಳಿಪುರಂನಲ್ಲಿ ರವಿಕುಮಾರ್ ಕಾರಿನಿಂದ ಇಳಿಯುವಾಗ, ಒಂದು ದಿನ ತಾಯಿಯವರನ್ನು ಕರೆದುಕೊಂಡು ನಮ್ಮ ಮನೆಗೆ ಬನ್ನಿ ಎಂದೆ. ನೋಡೋಣ ಸಾರ್ ಎಂದರು. ಈ 'ನೋಡೋಣ' ನನಗೆ ಚೆನ್ನಾಗಿ ಗೊತ್ತು. ಸಾಲ ಕೇಳಲು ಬಂದವರಿಗೆ ನಾನು ಹೇಳುವುದೂ ಅದನ್ನೇ.

ಉಳಿದ ಕೋಡುಬಳೆಯನ್ನು ಡಬ್ಬಿಯ ಸಮೇತ ಅವರ ಕೈಗೆ ಕೊಟ್ಟೆ. ರುಚಿಯಾಗಿದೆ ಎಂದಿದ್ದರು, ಅದಕ್ಕೆ. ಬೇರೆ ಅರ್ಥವಿಲ್ಲ.

ಡಿಸೆಂಬರ್ 19, ಶುಕ್ರವಾರ

ಅಪ್ಪನ ಮಾತು ಮೀರಿ ತಾನು ಮದುವೆಯಾಗುವುದಿಲ್ಲ ಎಂದು ನಿತೀಶ್ ಶರಣ್ಯಳಿಗೆ ಹೇಳಿದ್ದಾನಂತೆ. ಹುಡುಗ ಮರ್ಯಾದಸ್ಥ. ಆದರೆ ಅಷ್ಟೊಂದು ಮರ್ಯಾದಸ್ಥನಾಗುವ ಅಗತ್ಯವೇನಿತ್ತು?

ಶರಣ್ಯ ಕ್ಲಿನಿಕ್ಕಿಗೆ ಹೋಗಿ ಬರುತ್ತಾಳೆ. ತಟ್ಟೆಯಲ್ಲಿ ಅನ್ನ ಕಲಸಿ ಹಾಗೆಯೇ ಎದ್ದುಹೋಗುತ್ತಾಳೆ. ನನ್ನ ಮೇಲೆ ಕೋಪ ತೋರಿಸಿದರೆ ಒಂದೆರಡು ಮಾತಾಡಬಹುದಿತ್ತು. ಮಾಡಿದ ಚಪಾತಿ ಗಟ್ಟಿಯಾಗಿದೆ, ಕ್ಷಮಿಸಿ ಅಪ್ಪ ಎಂದಳು.

ನನಗೆ ಬೇಕಾದದ್ದೇ ಆಗಿದೆ. ಸಂಬಂಧ ತಪ್ಪಿತು, ಕೆಟ್ಟವನೂ ಆಗಲಿಲ್ಲ. ನೆಮ್ಮದಿಯಾಗಬೇಕು. ಎದೆಯ ಹತ್ತಿರ ಏನೋ ಭಾರ. ಗ್ಯಾಸ್ಟ್ರಿಕ್ ಇರಬೇಕು.

ಡಿಸೆಂಬರ್ 22, ಸೋಮವಾರ

ಮೆಜೆಸ್ಟಿಕ್ ಕಡೆ ಕೆಲಸವಿತ್ತು. ಓಕಳಿಪುರಂ ಅಲ್ಲಿಂದ ಹತ್ತಿರವೇ. ಹೋದವನು ಹಾಗೆಯೇ ವಿಚಾರಿಸಿಕೊಂಡು ಅವರ ಮನೆಯ ಮುಂದೆ ನಿಂತೆ. ರವಿಕುಮಾರ್ ಕೆಲಸಕ್ಕೆ ಹೋಗಿದ್ದರು. ನಾರಾಯಣಮ್ಮನವರು ವಾಕರ್ ಹಿಡಿದು ತಾವೇ ಬಂದು ಬಾಗಿಲು ತೆಗೆದರು. ಚಿಕ್ಕ ಮನೆ, ಗೋಡೆಯ ಮೇಲೆ ಬುದ್ಧರ ದೊಡ್ಡ ಪಟ. ಒಂದು ಗಾಡಿ ಹೋಯಿತು, ಲೋಟಗಳು ಸ್ಟ್ಯಾಂಡಿನಲ್ಲಿ ಕುಣಿದವು. ನಮ್ಮ ಅಂಗಡಿಯ ಲೋಟಗಳೇ.

ನಾನು ಯಾರೆಂದು ಹೇಳಿದೆ. ಗೊತ್ತು, ಕೋಡುಬಳೆ ಯಜಮಾನರು ಎಂದರು. ಕಾಫಿ ಸಾಕೋ, ಊಟ ಮಾಡುತ್ತೀರೋ ಎಂದು ಕೇಳಿದರು. ಕೇಳಿ ನನ್ನ ಮುಖವನ್ನೇ ನೋಡುತ್ತಿದ್ದರು. ಊಟ ಎಂದೆ. ಮುದ್ದೆ, ಸೊಪ್ಪಿನ ಸಾರು. ಬೇರೆಯವರ ಮನೆಯಲ್ಲಿ ಉಪ್ಪು ಜಾಸ್ತಿ, ಖಾರ ಕಡಿಮೆ ಎಂದು ಏನಾದರೂ ಹೇಳುವವನು ನಾನು. ಏನೂ ಸಿಗಲಿಲ್ಲ. ಎರಡನೆಯ ಮುದ್ದೆ ಹಾಕಿಸಿಕೊಂಡೆ.

ಕೈ ತೊಳೆದ ಮೇಲೆ, ನಮ್ಮ ಮನೆಗೆ ನೀವು ಬರಲೇಬೇಕು ಎಂದೆ.

"ಬರ್ತೀನಿ. ಆದ್ರೆ ನೀವು, ನಿಮ್ಮ ಹೆಂಡ್ತಿ, ಮಗಳು ಮಾತ್ರ ಇರೋ ದಿನ ಅಲ್ಲ. ಯಾರೂ ಇಲ್ದಾಗ ಎಲ್ರೂ ಒಳ್ಳೆಯವರೇ. ನಿಮ್ಮ ಕಡೆಯವರು ಇರೋ ದಿನ ಕರೀರಿ. ಅವತ್ತು ಬರ್ತೀನಿ."

ಸಂಕ್ರಾಂತಿಗೆ ಬನ್ನಿ ಎಂದುಬಿಟ್ಟೆ. ಸಂಕ್ರಾಂತಿಗೆ ಅಕ್ಕ ಬರುತ್ತಾಳೆ ಎಂಬುದು ಮೆಟ್ಟಿಲಿಳಿಯುವಾಗ ನೆನಪಾಯಿತು.

ಜನವರಿ 9, ಶುಕ್ರವಾರ

ಅಕ್ಕನಿಗೆ ಫೋನು ಮಾಡಿದೆ. ಹಬ್ಬಕ್ಕೆ ಇನ್ನೂ ಕೆಲವರು ಬರುತ್ತಾರೆ ಎಂದೆ. ಯಾರು ಎಂದಳು. ಬೇಕಾದವರು ಎಂದೆ. ಯಾರಿಗೆ ಎಂದಳು. ಅಂಗಡಿಗೆ ಗಿರಾಕಿ ಬಂದ.

ಜನವರಿ 15, ಗುರುವಾರ. ಸಂಕ್ರಾಂತಿ

ನಾರಾಯಣಮ್ಮನವರ ಸೊಂಟಕ್ಕೆ ನೆಲದ ಮೇಲೆ ಕೂರುವುದು ಆಗದು. ಹಾಗಾಗಿ ಒಳಮನೆಯಲ್ಲಿ ಎಲ್ಲರಿಗೂ ಉದ್ದದ ಮೇಜು ಹಾಕಿಸಿದೆ. ಅಕ್ಕ ಬೆಳಿಗ್ಗೆಯೇ ಬಂದಳು. ಇದೇನು, ಹೋಟೆಲಿನ ಹಾಗೆ ಎಂದಳು. ಹೇಳಬೇಕಾದದ್ದನ್ನು ಬಸವಮ್ಮ ಅಡುಗೆಮನೆಯಲ್ಲಿ ಅವಳಿಗೆ ಹೇಳಿದಳು. ನಾನು ಹಿತ್ತಲಲ್ಲಿ ಕಬ್ಬು ಕತ್ತರಿಸುತ್ತಿದ್ದೆ. ಬೇಕಾದದ್ದಕ್ಕಿಂತ ಹೆಚ್ಚು ಕತ್ತರಿಸಿದೆ.

ಮಧ್ಯಾಹ್ನ ಅವರು ಬಂದರು. ನಾರಾಯಣಮ್ಮ, ರವಿಕುಮಾರ್, ಅವರ ಹೆಂಡತಿ ಮೀನಾ, ನಿತೀಶ್. ಬಸವಮ್ಮ ಎಳ್ಳು ಬೆಲ್ಲ ಕೊಟ್ಟಳು. ಅಕ್ಕನೂ ಕೊಟ್ಟಳು, ನಕ್ಕು ಮಾತಾಡಿಸಿದಳು, ಅಜ್ಜಿಯ ಸೊಂಟ ಹೇಗಿದೆ ಎಂದು ವಿಚಾರಿಸಿದಳು. ನನಗೆ ಉಸಿರು ಬಂತು. ಎಲೆ ಹಾಕುವ ಹೊತ್ತಿಗೆ ಅವಳು ನನ್ನನ್ನು ಕರೆದು, ಎಲ್ಲರಿಗೂ ಕೇಳುವಷ್ಟೇ ದನಿಯಲ್ಲಿ, ಬಹಳ ಸಮಾಧಾನವಾಗಿ ಹೇಳಿದಳು.

"ಶಂಭು, ಅಜ್ಜಿಗೆ ಒಳಗೆ ಸೆಖೆಯಾಗುತ್ತೆ. ಅವರಿಗೆಲ್ಲ ಹೊರಗೆ ಹಾಲ್‌ನಲ್ಲೇ ಬಡಿಸ್ಬಿಡು. ಫ್ಯಾನ್ ಇದೆ."

ಒಂದು ಕೆಟ್ಟ ಮಾತಿಲ್ಲ. ರವಿಕುಮಾರ್ ನೀರಿನ ಲೋಟವನ್ನು ನೋಡುತ್ತಾ ನಿಂತರು. ನಾರಾಯಣಮ್ಮನವರ ಕೈ ವಾಕರಿನ ಮೇಲಿತ್ತು. ಅವರು ಯಾರನ್ನೂ ನೋಡುತ್ತಿರಲಿಲ್ಲ.

"ಅಕ್ಕ, ಅವರು ನಮ್ಮ ಬೀಗರು," ಎಂದೆ. "ಒಳಗೇ ಕೂರೋದು."

ಸಂಬಂಧಕ್ಕೆ ಅವರೂ ಒಪ್ಪಿರಲಿಲ್ಲ, ನಾನೂ ಒಪ್ಪಿರಲಿಲ್ಲ. ಆ ಮಾತು ಎಲ್ಲಿಂದ ಬಂತೋ ಕಾಣೆ. ಶರಣ್ಯಳ ಕೈಯಲ್ಲಿದ್ದ ಸೌಟು ಅಲ್ಲಿಯೇ ನಿಂತಿತು.

ಅಕ್ಕ ತನ್ನ ಚೀಲ ತೆಗೆದುಕೊಂಡಳು. ತಲೆನೋವು ಎಂದಳು. ಬಾಗಿಲವರೆಗೆ ಹೋಗಿ ಬೇಡಿಕೊಂಡೆ, ಕೇಳಲಿಲ್ಲ. ಆಟೋ ಕರೆದು ಹತ್ತಿಸಿದೆ. ಅವಳು ಈ ಮನೆಯಿಂದ ಹಬ್ಬದ ದಿನ ಉಣ್ಣದೆ ಹೋದದ್ದು ಇದೇ ಮೊದಲು. ಆಟೋ ರಾಮೇಶ್ವರ ಗುಡಿಯ ಕಡೆ ತಿರುಗುವವರೆಗೂ ನಿಂತಿದ್ದೆ.

ಒಳಗೆ ಹೋದಾಗ ಎಲ್ಲರೂ ಮೇಜಿನ ಮುಂದೆ ಕೂತಿದ್ದರು. ಬಡಿಸಿ ಆಗಿತ್ತು, ಒಬ್ಬರೂ ಎಲೆ ಮುಟ್ಟಿರಲಿಲ್ಲ. ನಾರಾಯಣಮ್ಮನವರು ಪಕ್ಕದ ಖಾಲಿ ಕುರ್ಚಿಯನ್ನು ತಟ್ಟಿದರು.

"ಕೂತ್ಕೊಳ್ಳಿ ಬೀಗ್ರೆ. ಪೊಂಗಲ್ ಆರ್ತಾ ಇದೆ."

ಜನವರಿ 18, ಭಾನುವಾರ

ನೀವು ಒಪ್ಪಿದ್ದು ಯಾವತ್ತು, ಕೆರೆಯಲ್ಲೋ ಓಕಳಿಪುರಂನಲ್ಲೋ ಎಂದು ಬಸವಮ್ಮ ಕೇಳಿದಳು. ನಾನು ಒಪ್ಪದೆ ಇದ್ದದ್ದು ಯಾವಾಗ, ಮೊದಲಿನಿಂದಲೂ ಅವರನ್ನು ಒಪ್ಪಿಸಲು ಒದ್ದಾಡಿದವನು ನಾನೇ ಅಲ್ಲವೇ ಎಂದೆ. ಅವಳು ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಯಾಕೆಂದು ತಿಳಿಯಲಿಲ್ಲ.

ಬೆಳಿಗ್ಗೆ ಎಳ್ಳು ಬೆಲ್ಲ ತೆಗೆದುಕೊಂಡು ಹನುಮಂತನಗರಕ್ಕೆ ಹೋಗಿದ್ದೆ. ಅಕ್ಕ ಬಾಗಿಲು ತೆಗೆದಳು, ಮಾತಾಡಲಿಲ್ಲ. ಕಾಫಿ ತಂದಿಟ್ಟಳು, ಆಗಲೂ ಮಾತಾಡಲಿಲ್ಲ. ನಾನು ಕಾಲು ಮಡಚಿಕೊಂಡು ಕೂತು ಕುಡಿದೆ. ನೀನಿಲ್ಲದೆ ನನ್ನ ಮಗಳ ಮದುವೆ ಹೇಗೆ ಮಾಡಲಿ ಅಕ್ಕ ಎಂದೆ. ಲಗ್ನಪತ್ರಿಕೆಯಲ್ಲಿ ತನ್ನ ಹೆಸರು ಹಾಕಬಾರದು, ತಾನು ಖಂಡಿತ ಬರುವುದಿಲ್ಲ ಎಂದಳು. ಸರಿ ಎಂದು ಎದ್ದೆ. ಬೇರೇನು ಹೇಳಲಿ?

ಗೇಟಿನವರೆಗೆ ಹೋದ ಮೇಲೆ ಹಿಂದಿನಿಂದ ಕೂಗಿದಳು.

"ಬೇಸಿಗೆಯಲ್ಲಿ ಮಾತ್ರ ಇಟ್ಕೋಬೇಡ ಶಂಭು. ಬಿಸಿಲು ನನಗೆ ಆಗಲ್ಲ."

ಮನೆಗೆ ಬಂದವನೇ ರವಿಕುಮಾರ್ ಅವರಿಗೆ ಫೋನು ಮಾಡಿ, ಮದುವೆ ಕಾರ್ತೀಕದಲ್ಲಿ ಆಗಬಹುದೇ ಎಂದು ಕೇಳಿದೆ.